ಹಿಂದಿನ ಸೀಟಿನಿಂದ ಆರಂಭಿಸಿ: ಸಣ್ಣ ಕಾರು ಕೊಳ್ಳುವವರ ಪ್ರಶ್ನೆಗಳಿಗೆ ಉತ್ತರ

ಸೆಸ್ ಸೇರಿ ಶೇ 29ರಷ್ಟಿದ್ದ ಸಣ್ಣ ಪೆಟ್ರೋಲ್ ಕಾರುಗಳ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 18ಕ್ಕೆ ಇಳಿದ ಮೇಲೆ, ಸ್ಕೂಟರಿನಿಂದ ಕಾರಿಗೆ ಬರಲು ಹೊರಟ ಕುಟುಂಬಗಳ ಪತ್ರಗಳು ಈ ಅಂಕಣಕ್ಕೆ ಹೆಚ್ಚಾಗಿವೆ. ಉದ್ದ ನಾಲ್ಕು ಮೀಟರ್ ದಾಟದ, ಪೆಟ್ರೋಲ್ ಎಂಜಿನ್ 1200 ಸಿಸಿ ಮೀರದ ಕಾರುಗಳಿಗೆ ಈ ದರ ಅನ್ವಯಿಸುವುದರಿಂದ ನಮ್ಮಲ್ಲಿ ಸಾಮಾನ್ಯವಾಗಿ ಕೊಳ್ಳುವ ಹ್ಯಾಚ್‌ಬ್ಯಾಕ್‌ಗಳೆಲ್ಲ ಅಗ್ಗವಾಗಿವೆ. ಬಂದ ಪತ್ರಗಳಲ್ಲಿ ಆರನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಪ್ರ: ನಾನು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಪ್ರೌಢಶಾಲಾ ಶಿಕ್ಷಕಿ. ನಾವಿಬ್ಬರು, ಎಂಟು ಮತ್ತು ಹನ್ನೊಂದು ವರ್ಷದ ಇಬ್ಬರು ಮಕ್ಕಳು, ಎಪ್ಪತ್ತು ದಾಟಿದ ಮಾವನವರು, ಹೀಗೆ ಮನೆಯಲ್ಲಿ ಐದು ಮಂದಿ. ಮಾವನವರಿಗೆ ಮಂಡಿನೋವು, ತಿಂಗಳಿಗೆ ಎರಡು ಸಲ ಆಗುಂಬೆ ಘಾಟಿ ಇಳಿದು ಮಣಿಪಾಲದ ಆಸ್ಪತ್ರೆಗೆ ಹೋಗಬೇಕು. ಆನ್‌ರೋಡ್ ಏಳೂವರೆ ಲಕ್ಷ ರೂಪಾಯಿ ನಮ್ಮ ಮಿತಿ. ಸ್ವಿಫ್ಟ್, ವ್ಯಾಗನ್‌ಆರ್, ಟಿಯಾಗೊ, ಗ್ರ್ಯಾಂಡ್ ಐ10 ನಿಯೋಸ್, ಈ ನಾಲ್ಕರಲ್ಲಿ ಯಾವುದನ್ನು ಕೊಳ್ಳಬಹುದು? ನಮ್ಮ ಯಜಮಾನರಿಗೆ ಸ್ವಿಫ್ಟ್ ಮೇಲೆ ಮನಸ್ಸಿದೆ.

ಉ: ಕಾರು ಓಡಿಸುವವರು ಹೇಗಾದರೂ ಹೊಂದಿಕೊಳ್ಳುತ್ತಾರೆ; ಹೊಂದಿಕೊಳ್ಳಲು ಆಗದವರು ಹಿಂದೆ ಕುಳಿತವರು. ಆದ್ದರಿಂದ ನಿಮ್ಮ ಮನೆಯ ಆಯ್ಕೆ ಮಾವನವರ ಮಂಡಿಯಿಂದ ಆರಂಭವಾಗಲಿ. ಇದನ್ನು ನಾನು ಕಲಿತದ್ದು ನನ್ನ ತಾಯಿಯವರಿಂದ. ತಗ್ಗು ಸೀಟಿನ ಕಾರಿಗೆ ಹತ್ತುವಾಗ ಅವರು ಒಂದು ಕೈಯಲ್ಲಿ ಸೆರಗು, ಇನ್ನೊಂದು ಕೈಯಲ್ಲಿ ಬಾಗಿಲಿನ ಚೌಕಟ್ಟು ಹಿಡಿದು, ತಲೆ ತಗ್ಗಿಸಿ, ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಇಳಿಯುವಾಗಲಂತೂ ಯಾರಾದರೂ ತೋಳು ಹಿಡಿದು ಎತ್ತಲೇಬೇಕಿತ್ತು. ಸೀಟು ಸೊಂಟದ ಎತ್ತರಕ್ಕೆ ಸಮೀಪವಿರುವ ಕಾರು ಬಂದ ಮೇಲೆ ಅವರು ಕುರ್ಚಿಯಲ್ಲಿ ಕೂರುವ ಹಾಗೆ ಬದಿಗೆ ತಿರುಗಿ ಕುಳಿತು, ಆಮೇಲೆ ಎರಡೂ ಕಾಲುಗಳನ್ನು ನಿಧಾನವಾಗಿ ಒಳಗೆ ಎಳೆದುಕೊಳ್ಳತೊಡಗಿದರು. ಮೈಲೇಜ್, ಬಣ್ಣ, ಟಚ್ ಸ್ಕ್ರೀನ್ ಯಾವುದೂ ಆ ಒಂದು ವ್ಯತ್ಯಾಸಕ್ಕೆ ಸಮವಾಗಲಿಲ್ಲ.

ಈ ದೃಷ್ಟಿಯಿಂದ ನಾಲ್ಕರಲ್ಲಿ ವ್ಯಾಗನ್‌ಆರ್ ಮುಂದಿದೆ. ಅದರ ಎತ್ತರ 1675 ಮಿ.ಮೀ. ಇರುವುದರಿಂದ ತಲೆ ತಗ್ಗಿಸುವ ಕಷ್ಟವಿಲ್ಲ, ಬಾಗಿಲೂ ಅಗಲವಾಗಿ ತೆರೆದುಕೊಳ್ಳುತ್ತದೆ. ಡಿಕ್ಕಿಯೂ ದೊಡ್ಡದು: 341 ಲೀಟರ್. ಸ್ವಿಫ್ಟ್‌ನದು 265, ನಿಯೋಸ್‌ನದು 260, ಟಿಯಾಗೊದ್ದು 242 ಲೀಟರ್. ಆಸ್ಪತ್ರೆಯಲ್ಲಿ ಒಂದೆರಡು ದಿನ ಉಳಿಯಬೇಕಾಗಿ ಬಂದರೆ ಹಾಸಿಗೆ, ಬಟ್ಟೆಚೀಲ, ಊಟದ ಬುತ್ತಿ ಎಲ್ಲವನ್ನೂ ಒಯ್ಯಬೇಕಾಗುವ ನಿಮಗೆ ಈ ಅಂತರ ಕೈಗೆ ಸಿಗುವಂಥದ್ದು. ಆದರೆ ಅದರ ಅಗಲ 1620 ಮಿ.ಮೀ. ಮಾತ್ರ; ನಿಯೋಸ್ 1680, ಸ್ವಿಫ್ಟ್ 1735 ಮಿ.ಮೀ. ಅಗಲವಿವೆ. ಹಿಂದೆ ಒಬ್ಬ ಹಿರಿಯರು, ಇಬ್ಬರು ಮಕ್ಕಳು ಈಗ ಇಕ್ಕಟ್ಟಿಲ್ಲದೆ ಕೂರಬಹುದಾದರೂ ಇನ್ನು ನಾಲ್ಕೈದು ವರ್ಷಗಳಲ್ಲಿ ಮಕ್ಕಳು ಬೆಳೆದಾಗ ಭುಜಕ್ಕೆ ಭುಜ ತಾಗುತ್ತದೆ ಎಂಬುದನ್ನು ಈಗಲೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಎರಡನೆಯ ಪ್ರಶ್ನೆ ಘಾಟಿಯದು. ಆಗುಂಬೆಯಲ್ಲಿ ಇಳಿಯುವಾಗ ಬ್ರೇಕಿನ ಪರೀಕ್ಷೆ, ಸೋಮೇಶ್ವರದಿಂದ ಮರಳಿ ಹತ್ತುವಾಗ ಎಂಜಿನ್ನಿನ ಪರೀಕ್ಷೆ. ಐದು ಮಂದಿ ಕುಳಿತು, ಎ.ಸಿ. ಹಾಕಿ, ಹದಿನಾಲ್ಕು ಹೇರ್‌ಪಿನ್ ತಿರುವುಗಳನ್ನು ಏರುವಾಗ ಒಂದು ಲೀಟರಿನ ಎಂಜಿನ್ ಪ್ರತಿ ತಿರುವಿನಲ್ಲೂ ಮೊದಲ ಗೇರ್ ಬೇಡುತ್ತದೆ, ಎದುರಿನಿಂದ ವಾಹನ ಬಂದು ನಿಂತು ಹೊರಡಬೇಕಾದಾಗ ಏದುಸಿರು ಬಿಡುತ್ತದೆ. ವ್ಯಾಗನ್‌ಆರ್ ಎರಡು ಎಂಜಿನ್‌ಗಳಲ್ಲಿ ಬರುತ್ತದೆ; 1.0 ಲೀಟರಿನದರ ಟಾರ್ಕ್ (ಎಂಜಿನ್ನಿನ ಎಳೆಯುವ ಬಲ) 89 ಎನ್‌ಎಂ, 1.2 ಲೀಟರಿನದರದು 113 ಎನ್‌ಎಂ. ಮೈಲೇಜಿನ ಆಸೆಗೆ ಬಿದ್ದು ನೀವು ಚಿಕ್ಕ ಎಂಜಿನ್ ಕೊಳ್ಳಬೇಡಿ. ಉಳಿದ ಮೂರೂ ಕಾರುಗಳಲ್ಲಿ 1.2 ಲೀಟರ್ ಎಂಜಿನ್ನೇ ಇದ್ದು ಟಾರ್ಕ್ 112ರಿಂದ 114ರ ಒಳಗಿದೆ, ಆದ್ದರಿಂದ ಶಕ್ತಿಯಲ್ಲಿ ಅವುಗಳ ನಡುವೆ ಹೇಳಿಕೊಳ್ಳುವ ಅಂತರವಿಲ್ಲ. ಅಂತರವಿರುವುದು ನಯದಲ್ಲಿ. ನಿಯೋಸ್ ಮತ್ತು 1.2 ವ್ಯಾಗನ್‌ಆರ್‌ನ ಎಂಜಿನ್‌ಗಳಿಗೆ ನಾಲ್ಕು ಸಿಲಿಂಡರ್. ಟಿಯಾಗೊಗೂ 2024ರಲ್ಲಿ ಬಂದ ಹೊಸ ಸ್ವಿಫ್ಟ್‌ಗೂ ಮೂರು. ಕಾರು ನಿಂತಿದ್ದಾಗ ಮೂರು ಸಿಲಿಂಡರಿನ ಸಣ್ಣ ನಡುಕ ಸೀಟಿನವರೆಗೂ ತಿಳಿಯುತ್ತದೆ. ಕೆಲವರಿಗೆ ಅದು ಲೆಕ್ಕಕ್ಕೇ ಬರುವುದಿಲ್ಲ, ಕೆಲವರಿಗೆ ದಿನವೂ ಕಿರಿಕಿರಿ.

ವ್ಯಾಗನ್‌ಆರ್‌ನ ದೌರ್ಬಲ್ಯವನ್ನೂ ಮುಚ್ಚಿಡದೆ ಹೇಳಬೇಕು. ಎತ್ತರದ ಕಾರಾದ್ದರಿಂದ ತಿರುವಿನಲ್ಲಿ ಹೆಚ್ಚು ವಾಲುತ್ತದೆ. ಎರಡು ಏರ್‌ಬ್ಯಾಗ್ ಇದ್ದ ಮಾದರಿಗೆ 2023ರ ಗ್ಲೋಬಲ್ ಎನ್‌ಸಿಎಪಿ ಅಪಘಾತ ಪರೀಕ್ಷೆಯಲ್ಲಿ ದೊಡ್ಡವರ ರಕ್ಷಣೆಗೆ ಐದರಲ್ಲಿ ಸಿಕ್ಕಿದ್ದು ಒಂದೇ ನಕ್ಷತ್ರ. ಈಗ ಆರು ಏರ್‌ಬ್ಯಾಗ್ ಬಂದಿದ್ದರೂ ಆ ಫಲಿತಾಂಶವನ್ನು ಮರೆಯುವಂತಿಲ್ಲ. ಹಾಗಾಗಿ ನನ್ನ ಸಲಹೆ ಹೀಗಿದೆ: ಮೊದಲು ಮಾವನವರನ್ನು ನಿಯೋಸ್‌ನಲ್ಲಿ ಎರಡು ಸಲ ಹತ್ತಿಸಿ ಇಳಿಸಿ ನೋಡಿ. ಯಾರ ನೆರವೂ ಇಲ್ಲದೆ ಎದ್ದು ಬಂದರೆ, ನುಣುಪಾದ ಎಂಜಿನ್ನಿಗಾಗಿಯೂ ತಿರುವಿನ ಸ್ಥಿರತೆಗಾಗಿಯೂ ಅದನ್ನೇ ಕೊಳ್ಳಿ. ಅವರ ಮುಖದಲ್ಲಿ ನೋವು ಕಂಡರೆ ವ್ಯಾಗನ್‌ಆರ್ 1.2 ಕೊಂಡು, ಘಾಟಿಯಲ್ಲಿ ವೇಗವನ್ನು ಕಡ್ಡಾಯವಾಗಿ ಹಿಡಿತದಲ್ಲಿಡಿ. ಸ್ವಿಫ್ಟ್ ಓಡಿಸುವವರಿಗೆ ಬಹಳ ಸೊಗಸಾದ ಕಾರು. ಆದರೆ ಅದರ ಹಿಂದಿನ ಸೀಟು ತಗ್ಗು, ಕಿಟಕಿ ಕಿರಿದು. ನಿಮ್ಮ ಮನೆಗೆ ಅದು ಹೊಂದುವುದಿಲ್ಲವೆಂದು ಯಜಮಾನರಿಗೆ ನನ್ನ ಪರವಾಗಿ ತಿಳಿಸಿ.

ಟೆಸ್ಟ್ ಡ್ರೈವ್‌ಗೆ ಇಬ್ಬರೇ ಹೋಗಬೇಡಿ. ಐವರೂ ಹೋಗಿ, ಐವರೂ ಕುಳಿತು, ಒಂದು ಏರು ಇರುವ ರಸ್ತೆಯಲ್ಲಿ ಎ.ಸಿ. ಹಾಕಿ ಓಡಿಸಿ, ಊರಿನ ದೊಡ್ಡ ಹಂಪ್ಸ್ ಒಂದನ್ನು ದಾಟಿ. ನೆಲದಿಂದ ಕಾರಿನ ಅಡಿಗೆ ಇರುವ ಅಂತರ ಈ ಕಾರುಗಳಲ್ಲಿ ಸುಮಾರು 165 ಮಿ.ಮೀ. ಆಸುಪಾಸಿನಲ್ಲಿದೆ, ಅದು ಖಾಲಿ ಕಾರಿನ ಅಳತೆ. ಐದು ಮಂದಿ ಕುಳಿತಾಗ ಹಿಂಭಾಗ ಎಷ್ಟು ಇಳಿಯುತ್ತದೆ ಎಂಬುದನ್ನು ಒಬ್ಬರು ಹೊರಗೆ ನಿಂತು ನೋಡಲಿ. ಹಿಂದಿನ ನಡುವಿನ ಸೀಟಿಗೂ ಭುಜದ ಮೇಲಿಂದ ಬರುವ ಬೆಲ್ಟ್ ಇದೆಯೇ ಎಂದು ಕೈಯಿಂದ ಎಳೆದು ಖಚಿತಪಡಿಸಿಕೊಳ್ಳಿ, ಏಕೆಂದರೆ ಅಲ್ಲಿ ಕೂರುವುದು ನಿಮ್ಮ ಮಗು.

ಪ್ರ: ಆರು ಏರ್‌ಬ್ಯಾಗ್ ಇದ್ದ ಮೇಲೆ ನಕ್ಷತ್ರಗಳನ್ನು ಏಕೆ ನೋಡಬೇಕು? ಹಳೆಯ ಪರೀಕ್ಷೆಯ ನಾಲ್ಕು ನಕ್ಷತ್ರಕ್ಕೂ ಹೊಸದರ ನಾಲ್ಕು ನಕ್ಷತ್ರಕ್ಕೂ ವ್ಯತ್ಯಾಸವಿದೆಯೇ? – ಓದುಗರೊಬ್ಬರು, ಮೈಸೂರು

ಉ: ಏರ್‌ಬ್ಯಾಗ್ ಕೆಲಸ ಮಾಡುವುದು ಬೆಲ್ಟ್ ಕಟ್ಟಿಕೊಂಡ ದೇಹಕ್ಕೆ, ಅದೂ ಸುತ್ತಲಿನ ಲೋಹದ ಗೂಡು ಕುಸಿಯದೆ ನಿಂತಾಗ. ಗೂಡೇ ಒಳಗೆ ನುಗ್ಗಿ ಬಂದರೆ ಚೀಲಗಳ ಸಂಖ್ಯೆಯಿಂದ ಹೆಚ್ಚು ಪ್ರಯೋಜನವಿಲ್ಲ. ನಕ್ಷತ್ರಗಳು ಈ ಎರಡನ್ನೂ ಒಟ್ಟಿಗೆ ಅಳೆಯುತ್ತವೆ.

ಎರಡನೆಯ ಪ್ರಶ್ನೆ ಬಹಳ ಮುಖ್ಯವಾದದ್ದು. ಟಿಯಾಗೊಗೆ ಗ್ಲೋಬಲ್ ಎನ್‌ಸಿಎಪಿ ನಾಲ್ಕು ನಕ್ಷತ್ರ ಕೊಟ್ಟದ್ದು 2020ರಲ್ಲಿ. ನಿಯೋಸ್‌ಗೆ ಅದೇ ವರ್ಷ ಎರಡು ನಕ್ಷತ್ರ ಸಿಕ್ಕಿತು. ಆಗ ಮುಖ್ಯವಾಗಿ ಕಾರಿನ ಮುಂಭಾಗ ಡಿಕ್ಕಿ ಹೊಡೆದಾಗ ಏನಾಗುತ್ತದೆ ಎಂಬುದನ್ನಷ್ಟೇ ಪರೀಕ್ಷಿಸುತ್ತಿದ್ದರು. 2022ರಲ್ಲಿ ನಿಯಮ ಬಿಗಿಯಾಗಿ, ಬದಿಯ ಡಿಕ್ಕಿಯೂ ಕಾರು ಜಾರದಂತೆ ತಡೆಯುವ ಇಎಸ್‌ಸಿ ವ್ಯವಸ್ಥೆಯೂ ಲೆಕ್ಕಕ್ಕೆ ಸೇರಿದವು. 2023ರಲ್ಲಿ ಆಲ್ಟೊ ಕೆ10 ಎರಡು ನಕ್ಷತ್ರ, ವ್ಯಾಗನ್‌ಆರ್ ಒಂದು ನಕ್ಷತ್ರ ಪಡೆದದ್ದು ಈ ಬಿಗಿ ನಿಯಮದಲ್ಲಿ. ಆದ್ದರಿಂದ 2020ರ ಫಲಿತಾಂಶವನ್ನು 2023ರದರ ಪಕ್ಕದಲ್ಲಿಟ್ಟು ನೇರವಾಗಿ ತೂಗುವುದು ನ್ಯಾಯವಲ್ಲ. ನಮ್ಮದೇ ಆದ ಭಾರತ್ ಎನ್‌ಸಿಎಪಿ 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅದರಲ್ಲಿ ಗಂಟೆಗೆ 64 ಕಿ.ಮೀ. ವೇಗದಲ್ಲಿ ಮುಂಭಾಗದ ಡಿಕ್ಕಿ, 50 ಕಿ.ಮೀ. ವೇಗದಲ್ಲಿ ಬದಿಯ ಡಿಕ್ಕಿ, 29 ಕಿ.ಮೀ. ವೇಗದಲ್ಲಿ ಕಂಬಕ್ಕೆ ಬದಿ ಬಡಿಯುವ ಪರೀಕ್ಷೆ ನಡೆಯುತ್ತವೆ. ಇದು ಕಡ್ಡಾಯವಲ್ಲವಾದ್ದರಿಂದ ಎಲ್ಲ ಕಾರುಗಳಿಗೂ ಫಲಿತಾಂಶ ಸಿಗುವುದಿಲ್ಲ. ಬಲೆನೊ 2025ರಲ್ಲಿ ಇಲ್ಲಿ ನಾಲ್ಕು ನಕ್ಷತ್ರ ಪಡೆದಿದೆ. ಶೋರೂಂನಲ್ಲಿ ನಕ್ಷತ್ರದ ಮಾತು ಬಂದಾಗ ಯಾವ ಸಂಸ್ಥೆ, ಯಾವ ವರ್ಷ, ಎಷ್ಟು ಏರ್‌ಬ್ಯಾಗಿನ ಮಾದರಿ ಎಂಬ ಮೂರನ್ನು ಕೇಳಿ. ನೀವು ಕೊಳ್ಳುತ್ತಿರುವುದು ಅದೇ ಮಾದರಿಯೇ ಎಂಬುದನ್ನೂ ನೋಡಿ. ಇಎಸ್‌ಸಿ ಕೆಲವು ಕಾರುಗಳಲ್ಲಿ ಮೇಲಿನ ಶ್ರೇಣಿಗೆ ಮಾತ್ರ ಬರುತ್ತದೆ. ಮಳೆಗಾಲದಲ್ಲಿ ಘಾಟಿ ರಸ್ತೆ ಬಳಸುವವರು ಸನ್‌ರೂಫ್ ಬಿಟ್ಟಾದರೂ ಅದನ್ನು ಪಡೆಯಬೇಕು.

ಪ್ರ: ನಾನು ಬೆಂಗಳೂರಿನ ಖಾಸಗಿ ಆಸ್ಪತ್ರೆಯಲ್ಲಿ ನರ್ಸ್. ರಾತ್ರಿ ಪಾಳಿ ಮುಗಿಸಿ ಬೆಳಗಿನ ಟ್ರಾಫಿಕ್‌ನಲ್ಲಿ ಹನ್ನೆರಡು ಕಿ.ಮೀ. ಮನೆಗೆ ಬರಬೇಕು. ಲೈಸೆನ್ಸ್ ಸಿಕ್ಕಿ ಮೂರು ತಿಂಗಳಾಯಿತು. ಮನೆಯ ರಸ್ತೆ ಬಹಳ ಕಿರಿದು. ಏಳು ಲಕ್ಷದೊಳಗೆ ಆಲ್ಟೊ ಕೆ10, ಸೆಲೆರಿಯೊ, ಕ್ವಿಡ್ ನೋಡಿದ್ದೇನೆ. ಆಟೊಮ್ಯಾಟಿಕ್ ಕೊಂಡರೆ ಮುಂದೆ ಗೇರ್ ಕಾರು ಓಡಿಸಲು ಮರೆಯುತ್ತದೆ ಎನ್ನುತ್ತಾರೆ. ಏನು ಮಾಡಲಿ?

ಉ: ಆಟೊಮ್ಯಾಟಿಕ್ ಕೊಳ್ಳಿ. ಹತ್ತು ಹನ್ನೆರಡು ಗಂಟೆ ನಿಂತು ದುಡಿದ ಕಾಲು, ಸಿಗ್ನಲ್‌ನಿಂದ ಸಿಗ್ನಲ್‌ಗೆ ಕ್ಲಚ್ ಒತ್ತುತ್ತಾ ಮನೆಗೆ ಬರಬೇಕಾದ ಅಗತ್ಯವಿಲ್ಲ. ಕಲಿತ ವಿದ್ಯೆ ಮರೆತುಹೋಗುತ್ತದೆ ಎಂಬ ಭಯಕ್ಕೆ ಪ್ರತಿದಿನದ ಆಯಾಸವನ್ನು ಬೆಲೆಯಾಗಿ ಕೊಡಬೇಡಿ.

ಆದರೆ ಈ ಬೆಲೆಯಲ್ಲಿ ಸಿಗುವ ಆಟೊಮ್ಯಾಟಿಕ್ ಯಾವ ಬಗೆಯದು ಎಂದು ತಿಳಿದಿರಬೇಕು. ಇದನ್ನು ಎಎಂಟಿ ಎನ್ನುತ್ತಾರೆ. ಒಳಗಿರುವುದು ಮಾಮೂಲಿ ಗೇರ್‌ಬಾಕ್ಸ್, ಮಾಮೂಲಿ ಕ್ಲಚ್. ನಿಮ್ಮ ಕೈಕಾಲಿನ ಕೆಲಸವನ್ನು ಯಂತ್ರ ಮಾಡುತ್ತದೆ, ಅಷ್ಟೇ. ನಮ್ಮಲ್ಲಿ ಇದು ಜನಸಾಮಾನ್ಯರ ಕಾರಿಗೆ ಬಂದದ್ದು 2014ರಲ್ಲಿ, ಸೆಲೆರಿಯೊ ಮೂಲಕ. ಗೇರ್ ಬದಲಾಗುವಾಗ ಕ್ಷಣಮಾತ್ರ ಶಕ್ತಿ ನಿಂತು ತಲೆ ಸ್ವಲ್ಪ ಮುಂದಕ್ಕೆ ವಾಲಿದಂತಾಗುತ್ತದೆ. ಆ ಹೊತ್ತಿಗೆ ಆಕ್ಸಿಲರೇಟರ್ ಅನ್ನು ತುಸು ಸಡಿಲಿಸುವ ಅಭ್ಯಾಸ ಒಂದೇ ವಾರದಲ್ಲಿ ಬರುತ್ತದೆ. ಫ್ಲೈಓವರ್ ಏರಿನಲ್ಲಿ ಸಿಕ್ಕಿಕೊಂಡಾಗ ಆಕ್ಸಿಲರೇಟರ್ ಒತ್ತಿಕೊಂಡೇ ಕಾರನ್ನು ಹಿಡಿದು ನಿಲ್ಲಿಸಬೇಡಿ. ಒಳಗೆ ಕ್ಲಚ್ ಸವೆಯುತ್ತಿರುತ್ತದೆ, ಸುಟ್ಟ ವಾಸನೆ ಬಂದ ಮೇಲೆ ಎಚ್ಚೆತ್ತು ಪ್ರಯೋಜನವಿಲ್ಲ. ಬ್ರೇಕ್ ಒತ್ತಿ ನಿಲ್ಲಿಸಿ, ಅಥವಾ ಹ್ಯಾಂಡ್‌ಬ್ರೇಕ್ ಎಳೆಯಿರಿ.

ಮೂರರಲ್ಲಿ ಸೆಲೆರಿಯೊ ನಿಮಗೆ ಸರಿಹೊಂದೀತು. ಆಲ್ಟೊ ಉದ್ದ 3530 ಮಿ.ಮೀ., ಸೆಲೆರಿಯೊ 3695, ಕ್ವಿಡ್ 3731. ಕಿರಿದಾದ ರಸ್ತೆಯಲ್ಲಿ ನಿಲ್ಲಿಸಲು ಆಲ್ಟೊ ಸುಲಭವಾದರೂ ಅದರ ಡಿಕ್ಕಿ 214 ಲೀಟರ್, ಸೆಲೆರಿಯೊದ್ದು 313. ಊರಿಂದ ತಂದೆತಾಯಿ ಅಕ್ಕಿ, ತೆಂಗಿನಕಾಯಿ ಸಮೇತ ಬಂದಿಳಿದ ದಿನ ಈ ನೂರು ಲೀಟರಿನ ಅರ್ಥ ತಿಳಿಯುತ್ತದೆ. ಕೊಳ್ಳುವ ಮೊದಲು, ನಿಮ್ಮ ಮನೆಯ ಮುಂದೆ ಕಾರು ನಿಲ್ಲುವ ಜಾಗವನ್ನು ಟೇಪ್ ಹಿಡಿದು ಅಳೆಯಿರಿ. ಓಡಿಸುವವರ ಬಾಗಿಲು ತೆರೆಯಲು ಇನ್ನೂ ಎರಡು ಅಡಿ ಬೇಕೆಂಬುದನ್ನು ಅದಕ್ಕೆ ಸೇರಿಸಿ.

ಪ್ರ: ಹುಬ್ಬಳ್ಳಿಯಿಂದ ಧಾರವಾಡಕ್ಕೆ ದಿನವೂ ಹೋಗಿಬರುತ್ತೇನೆ, ಸುಮಾರು 40 ಕಿ.ಮೀ. ಸಿಎನ್‌ಜಿ ಕಾರು ಲಾಭವೇ? – ಬ್ಯಾಂಕ್ ಉದ್ಯೋಗಿ

ಉ: ಲೆಕ್ಕ ಹಾಕಿಯೇ ನೋಡೋಣ. ಪೆಟ್ರೋಲ್ ಲೀಟರಿಗೆ 103 ರೂಪಾಯಿ, ಸಿಎನ್‌ಜಿ ಕಿಲೋಗೆ 90 ರೂಪಾಯಿ ಎಂದಿಟ್ಟುಕೊಳ್ಳಿ. ಕಂಪನಿ ಹೇಳುವ ಮೈಲೇಜನ್ನು ಪಕ್ಕಕ್ಕಿಟ್ಟು, ಊರಿನೊಳಗೆ ಪೆಟ್ರೋಲ್‌ನಲ್ಲಿ 18, ಸಿಎನ್‌ಜಿಯಲ್ಲಿ 26 ಕಿ.ಮೀ. ಸಿಗುತ್ತದೆ ಎಂದರೆ ಕಿಲೋಮೀಟರಿಗೆ ಕ್ರಮವಾಗಿ 5.70 ಮತ್ತು 3.45 ರೂಪಾಯಿ ಬೀಳುತ್ತದೆ. ಉಳಿತಾಯ ಎರಡೂಕಾಲು ರೂಪಾಯಿ. ಸಿಎನ್‌ಜಿ ಮಾದರಿಗೆ ಸುಮಾರು 90 ಸಾವಿರ ಹೆಚ್ಚು ಕೊಟ್ಟರೆ ಅದು ಮರಳಿ ಬರಲು 40 ಸಾವಿರ ಕಿ.ಮೀ. ಓಡಬೇಕು. ತಿಂಗಳಿಗೆ ಸಾವಿರ ಕಿ.ಮೀ. ಓಡಿಸುವ ನಿಮಗೆ ಅದಕ್ಕೆ ಮೂರು ವರ್ಷ ನಾಲ್ಕು ತಿಂಗಳು. ಹತ್ತು ವರ್ಷ ಕಾರು ಇಟ್ಟುಕೊಳ್ಳುವವರಿಗೆ ಖಂಡಿತ ಲಾಭ, ನಾಲ್ಕು ವರ್ಷಕ್ಕೆ ಮಾರುವವರಿಗೆ ವ್ಯರ್ಥ ಶ್ರಮ.

ಕಳೆದುಕೊಳ್ಳುವುದು ಶಕ್ತಿ ಮತ್ತು ಡಿಕ್ಕಿ. 1.0 ವ್ಯಾಗನ್‌ಆರ್ ಪೆಟ್ರೋಲ್‌ನಲ್ಲಿ 67 ಪಿಎಸ್ ಕೊಟ್ಟರೆ ಸಿಎನ್‌ಜಿಯಲ್ಲಿ 57 ಪಿಎಸ್. ಒಂದೇ ದೊಡ್ಡ ಗ್ಯಾಸ್ ಸಿಲಿಂಡರ್ ಇರುವ ಕಾರುಗಳಲ್ಲಿ ಡಿಕ್ಕಿ ಬಹುತೇಕ ಇಲ್ಲವಾಗುತ್ತದೆ. ಟಿಯಾಗೊದಲ್ಲಿ ಎರಡು ಸಣ್ಣ ಸಿಲಿಂಡರ್‌ಗಳನ್ನು ಡಿಕ್ಕಿಯ ತಳದಲ್ಲಿಟ್ಟು ಜಾಗ ಉಳಿಸಿದ್ದಾರೆ, ನಿಯೋಸ್‌ನಲ್ಲೂ ಆ ಮಾದರಿ ಬಂದಿದೆ. ನಾನಾಗಿದ್ದರೆ ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುತ್ತಿದ್ದೆ. ಸಿಲಿಂಡರನ್ನು ಮೂರು ವರ್ಷಕ್ಕೊಮ್ಮೆ ಒತ್ತಡ ಪರೀಕ್ಷೆಗೆ ಒಳಪಡಿಸುವುದು ಕಡ್ಡಾಯ. ಅದನ್ನು ಮರೆಯಬೇಡಿ.

ಪ್ರ: ಎಕ್ಸ್‌ಶೋರೂಂ ಆರು ಲಕ್ಷದ ಕಾರಿಗೆ ಶೋರೂಂನವರು ಏಳೂಕಾಲು ಲಕ್ಷದ ಪಟ್ಟಿ ಕೊಟ್ಟಿದ್ದಾರೆ. ಯಾವುದನ್ನು ಕಡಿಮೆ ಮಾಡಿಸಬಹುದು? ಏಳು ವರ್ಷದ ಸಾಲ ಪಡೆದು ಟಾಪ್ ಎಂಡ್ ಕೊಳ್ಳಿ ಎನ್ನುತ್ತಿದ್ದಾರೆ. – ಸರ್ಕಾರಿ ನೌಕರರು, ಕಲಬುರಗಿ

ಉ: ಕರ್ನಾಟಕದಲ್ಲಿ ಕಾರಿನ ಆಜೀವ ತೆರಿಗೆ ಐದು ಲಕ್ಷದವರೆಗೆ ಶೇ 13, ಐದರಿಂದ ಹತ್ತು ಲಕ್ಷದವರೆಗೆ ಶೇ 14, ಆ ತೆರಿಗೆಯ ಮೇಲೆ ಸೆಸ್ ಬೇರೆ. ಆರು ಲಕ್ಷಕ್ಕೆ ಸೆಸ್ ಬಿಟ್ಟು 84 ಸಾವಿರ ರೂಪಾಯಿ ಆಗುತ್ತದೆ. ಇದರಲ್ಲಿ ಚೌಕಾಸಿಗೆ ಅವಕಾಶವಿಲ್ಲ. ಅವಕಾಶ ಇರುವುದು ವಿಮೆಯಲ್ಲಿ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ 2018ರ ಸೆಪ್ಟೆಂಬರ್‌ನಿಂದ ಕಡ್ಡಾಯ, ಅದರ ದರವೂ ನಿಗದಿಯಾಗಿದೆ. ಆದರೆ ಸ್ವಂತ ಕಾರಿನ ಹಾನಿಗೆ ಮಾಡಿಸುವ ಭಾಗದ ದರ ಕಂಪನಿಯಿಂದ ಕಂಪನಿಗೆ ಬೇರೆ. ಶೋರೂಂನಲ್ಲೇ ವಿಮೆ ಮಾಡಿಸಬೇಕೆಂಬ ಕಾನೂನಿಲ್ಲ. ಹೊರಗಿನ ಎರಡು ಕಂಪನಿಗಳಿಂದ ಅದೇ ಐಡಿವಿ (ವಿಮೆಗೆ ಒಪ್ಪಿಕೊಂಡ ಕಾರಿನ ಬೆಲೆ), ಅದೇ ಜೀರೊ ಡೆಪ್ರಿಸಿಯೇಷನ್ (ಬಿಡಿಭಾಗಗಳ ಸವಕಳಿ ಕಳೆಯದೆ ಪರಿಹಾರ ಕೊಡುವ) ಸೌಲಭ್ಯಕ್ಕೆ ದರ ಬರೆಸಿಕೊಂಡು ಹೋಗಿ ಮುಂದಿಟ್ಟರೆ ಪಟ್ಟಿಯ ಅಂಕಿ ಅಲ್ಲೇ ಇಳಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸೀಟ್ ಕವರ್, ಮ್ಯಾಟ್, ಮಡ್‌ಫ್ಲ್ಯಾಪ್, ಹೊಳಪಿನ ಲೇಪನ ಇವೆಲ್ಲ ನಿಮ್ಮ ಇಷ್ಟ. ಹ್ಯಾಂಡ್ಲಿಂಗ್ ಶುಲ್ಕ ಎಂಬ ಸಾಲು ಕಂಡರೆ ಏತಕ್ಕಾಗಿ ಎಂದು ಲಿಖಿತವಾಗಿ ಕೇಳಿ.

ಸಾಲದ ವಿಷಯದಲ್ಲಿ ದಯವಿಟ್ಟು ಆತುರಪಡಬೇಡಿ. ಐದು ಲಕ್ಷ ರೂಪಾಯಿಯನ್ನು ಶೇ 9ರ ಬಡ್ಡಿಗೆ ಪಡೆದರೆ ಐದು ವರ್ಷಕ್ಕೆ ತಿಂಗಳ ಕಂತು ಸುಮಾರು 10,380 ರೂಪಾಯಿ, ಏಳು ವರ್ಷಕ್ಕೆ ಸುಮಾರು 8,045. ಕಂತು ಹಗುರವಾಯಿತೆಂದು ಅನ್ನಿಸುತ್ತದೆ. ಆದರೆ ಕಟ್ಟುವ ಒಟ್ಟು ಬಡ್ಡಿ 1.23 ಲಕ್ಷದಿಂದ 1.76 ಲಕ್ಷಕ್ಕೆ ಏರುತ್ತದೆ. ಟಾಪ್ ಎಂಡ್‌ನ ಅಲಾಯ್ ಚಕ್ರ, ದೊಡ್ಡ ಪರದೆಗಳಿಗೆ ಕೊಟ್ಟ ಹಣ ಕಾರು ಮಾರುವಾಗ ಪೂರ್ತಿ ಮರಳುವುದಿಲ್ಲ. ಸುರಕ್ಷತಾ ಸಾಧನಗಳು ಪೂರ್ಣವಾಗಿರುವ ಮಧ್ಯದ ಶ್ರೇಣಿಯನ್ನು ಐದು ವರ್ಷದ ಸಾಲದಲ್ಲಿ ಕೊಳ್ಳಿ. ಸಾಲ ತೀರಿದ ದಿನ ಬ್ಯಾಂಕಿನಿಂದ ಎನ್‌ಒಸಿ ಮತ್ತು ಫಾರಂ 35 ಪಡೆದು ಆರ್‌ಸಿಯಲ್ಲಿರುವ ಬ್ಯಾಂಕಿನ ಹೆಸರನ್ನು ತೆಗೆಸಲು ಮರೆಯಬೇಡಿ. ಎಷ್ಟೋ ಮಂದಿ ಮಾರಲು ಹೊರಟಾಗ ಇದಕ್ಕಾಗಿ ಅಲೆಯುತ್ತಾರೆ.

ಪ್ರ: ಹೊಸ ಆಲ್ಟೊ ಬೆಲೆಗೆ ಐದಾರು ವರ್ಷದ ಸ್ವಿಫ್ಟ್ ಸಿಗುತ್ತದೆ. ಕೊಳ್ಳಬಹುದೇ? – ಯುವ ಓದುಗರು, ಕುಂದಾಪುರ

ಉ: ಕೊಳ್ಳಬಹುದು, ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋದರೆ. ನಿಮ್ಮದು ಕರಾವಳಿ, ಉಪ್ಪುಗಾಳಿಯಲ್ಲಿ ನಿಂತ ಕಾರಿನ ತಳ, ಬಾಗಿಲಿನ ಕೆಳ ಅಂಚು, ಸೈಲೆನ್ಸರ್ ಮೊದಲು ತುಕ್ಕು ಹಿಡಿಯುತ್ತವೆ, ಆದ್ದರಿಂದ ಕಾರನ್ನು ಮೇಲೆತ್ತಿಸಿ ನೋಡದೆ ಮುಂಗಡ ಕೊಡಬೇಡಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ: ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಇಪ್ಪತ್ತು ಸಾವಿರ ಕಿ.ಮೀ. ಮಾತ್ರ ಓಡಿದೆ ಎಂದವರ ಕಾರಿಗೆ ನಾಲ್ಕೂ ಹೊಸ ಟೈರ್ ಇದ್ದರೆ ಮೀಟರನ್ನು ನಂಬಬೇಡಿ, ಸರ್ವಿಸ್ ದಾಖಲೆ ಕೇಳಿ. 2023ರ ಏಪ್ರಿಲ್‌ಗಿಂತ ಹಿಂದಿನ ಕಾರಾದರೆ, ಈಗ ಬಂಕ್‌ಗಳಲ್ಲಿ ಸಿಗುವ ಶೇ 20 ಎಥನಾಲ್ ಬೆರೆತ ಪೆಟ್ರೋಲ್‌ಗೆ ಅದರ ರಬ್ಬರ್ ಕೊಳವೆಗಳು ಹೊಂದುತ್ತವೆಯೇ ಎಂದು ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿ. ಫಾರಂ 29 ಮತ್ತು 30ಕ್ಕೆ ಸಹಿ ಆದ ಮೇಲೆ ಹದಿನಾಲ್ಕು ದಿನಗಳೊಳಗೆ ವಿಮೆಯನ್ನೂ ನಿಮ್ಮ ಹೆಸರಿಗೆ ಬದಲಿಸಿಕೊಳ್ಳಿ. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ ಅವರ ಜೊತೆಗೇ ಹೋಗುತ್ತದೆ, ನಿಮಗೆ ಬರುವುದಿಲ್ಲ.

ಇನ್ನೊಂದನ್ನು ಅವಶ್ಯ ಮಾಡಿ. ನಾಲ್ಕೂ ಬಾಗಿಲ ಬಳಿಯ ಸೀಟ್ ಬೆಲ್ಟ್‌ಗಳನ್ನು ಕೊನೆ ಮುಟ್ಟುವವರೆಗೆ ಹೊರಗೆಳೆಯಿರಿ. ಪ್ರವಾಹದಲ್ಲಿ ಮುಳುಗಿದ ಕಾರನ್ನು ಮಾರುವವರು ಸೀಟು ತೊಳೆಯುತ್ತಾರೆ, ಕಾರ್ಪೆಟ್ ಬದಲಿಸುತ್ತಾರೆ. ಸುರುಳಿಯ ಒಳಗೆ ಉಳಿದ ಬೆಲ್ಟಿನ ತುದಿಯನ್ನು ತೊಳೆಯುವವರು ಕಡಿಮೆ. ಅಲ್ಲಿ ಕೆಸರಿನ ಗೆರೆ ಕಂಡರೆ ಬೆಲೆಯ ಮಾತನ್ನೂ ಎತ್ತದೆ ಹಿಂತಿರುಗಿ.